ರೆಕ್ಕೆಯ ಕೆಳಗೆ ಬಗ್ಗಿ ನೋಡಿದರೆ

ಯುದ್ಧವಿಮಾನಗಳ ಮ್ಯೂಸಿಯಂಗೆ ಬಂದವರಲ್ಲಿ ಹೆಚ್ಚಿನವರು ಮೂತಿಯ ಎದುರು ನಿಂತು ಒಂದು ಫೋಟೊ ತೆಗೆದು, ಫಲಕದ ಮೇಲೆ ಕಣ್ಣಾಡಿಸಿ, ಮುಂದಿನ ವಿಮಾನಕ್ಕೆ ಹೋಗಿಬಿಡುತ್ತಾರೆ. ಫಲಕದಲ್ಲಿರುವುದು ಉದ್ದ, ರೆಕ್ಕೆಯ ಹರವು, ಗರಿಷ್ಠ ವೇಗ, ಎಂಜಿನ್ನಿನ ಹೆಸರು. ಅವನ್ನು ಮನೆಯಲ್ಲಿ ಕೂತೂ ಓದಬಹುದು. ಅಷ್ಟು ದೂರ ಹೋಗಿ ಅಸಲಿ ಲೋಹದ ಎದುರು ನಿಂತ ಮೇಲೆ ನೋಡಬೇಕಾದದ್ದು ಬೇರೆಯೇ ಇದೆ, ಅದು ಬಹುಮಟ್ಟಿಗೆ ಕಣ್ಣಿನ ಮಟ್ಟಕ್ಕಿಂತ ಕೆಳಗಿದೆ. ಗಾಲಿಗಳು ಮಡಚಿಕೊಂಡು ಸೇರುವ ಗೂಡು, ಹೊಟ್ಟೆಯ ಮುಚ್ಚಳಗಳು, ಎಣ್ಣೆ ಜಿನುಗಿದ ಕಲೆ, ರೆಕ್ಕೆ ಒಡಲಿಗೆ ಕೂಡುವ ಜಾಗ. ಕಟ್ಟಿದವರ ಬಳಿ ಏನಿತ್ತು, ಏನಿರಲಿಲ್ಲ, ಯಾವುದಕ್ಕೆ ಹೆದರಿದ್ದರು, ಒಳಗೆ ಕೂರುವವನ ಪ್ರಾಣಕ್ಕೆ ಎಷ್ಟು ಜಾಗ ಬಿಟ್ಟಿದ್ದರು ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಹಾರುವ ಮುನ್ನ ಪೈಲಟ್ ತನ್ನ ವಿಮಾನವನ್ನು ಒಂದು ಸುತ್ತು ಹಾಕಿ ಪರೀಕ್ಷಿಸುತ್ತಾನಲ್ಲ, ಆ ವಾಕ್‌ಅರೌಂಡ್ ನೋಡುಗರಿಗೂ ಒಳ್ಳೆಯ ಕ್ರಮ. ಎಡರೆಕ್ಕೆಯ ಬುಡದಿಂದ ಹೊರಟು ಮೂತಿ, ಬಲರೆಕ್ಕೆ, ಬಾಲ ಎಂದು ಸುತ್ತಿ ಮತ್ತೆ ಅಲ್ಲಿಗೇ ಬನ್ನಿ. ನಿಂತಲ್ಲೆಲ್ಲ ಒಮ್ಮೆ ಬಗ್ಗಿ. ಒಂದು ವಿಮಾನಕ್ಕೆ ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ಹಾಗಾಗಿ ದೊಡ್ಡ ಮ್ಯೂಸಿಯಂನಲ್ಲಿ ಎಲ್ಲವನ್ನೂ ನೋಡುವ ಆಸೆ ಬಿಟ್ಟು, ಎಂಟು ಹತ್ತನ್ನು ಮೊದಲೇ ಆರಿಸಿಕೊಳ್ಳುವುದು ಜಾಣತನ. ಹ್ಯಾಂಗರ್‌ಗಳ ನೆಲ ಕಾಂಕ್ರೀಟಿನದು, ಎರಡು ಗಂಟೆಯಲ್ಲಿ ಹಿಮ್ಮಡಿ ದೂರು ಹೇಳುತ್ತದೆ, ಮೆತ್ತನೆಯ ಅಟ್ಟೆಯ ಶೂ ಇರಲಿ. ಸೂರಿನಿಂದ ತೂಗುಹಾಕಿದ ವಿಮಾನಗಳಿಗೆ ಚಿಕ್ಕ ದುರ್ಬೀನು ಉಪಯೋಗಕ್ಕೆ ಬರುತ್ತದೆ. ಗಾಲಿಗೂಡಿಗೆ ಟಾರ್ಚ್ ಬೇಕೇ ಬೇಕು, ಆದರೆ ಬೆಳಗಿಸುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಹಗ್ಗ ದಾಟಬೇಡಿ, ಮುಟ್ಟಬೇಡಿ. ಬೆವರಿನ ಉಪ್ಪು ಬರಿಯ ಅಲ್ಯೂಮಿನಿಯಂ ಮೇಲೆ ಬೆರಳಚ್ಚನ್ನು ಶಾಶ್ವತವಾಗಿ ಕೊರೆಯುತ್ತದೆ. ಎಫ್-104 ಸ್ಟಾರ್‌ಫೈಟರ್‌ನಂಥದ್ದರ ರೆಕ್ಕೆಯ ಮುಂದಿನ ಅಂಚು ಎಷ್ಟು ತೆಳುವೆಂದರೆ, ನೆಲದ ಮೇಲಿದ್ದಾಗ ಕೆಲಸಗಾರರಿಗೆ ಗಾಯವಾಗದಂತೆ ಅದಕ್ಕೆ ಹೊದಿಕೆ ತೊಡಿಸುತ್ತಿದ್ದರು.

ಮೊದಲು ಗಾಲಿಗೂಡು. ವಿಮಾನದ ಹೊರಮೈಗೆ ಮ್ಯೂಸಿಯಂನವರು ಹೊಸ ಬಣ್ಣ ಬಳಿದಿರುತ್ತಾರೆ, ಗೂಡಿನೊಳಗೆ ಬಳಿಯುವುದು ಕಷ್ಟ, ಆದ್ದರಿಂದ ಅಲ್ಲಿ ಹಳೆಯದು ಉಳಿದಿರುತ್ತದೆ. ಸವೆತ ತಡೆಯಲು ಹಚ್ಚಿದ ಹಳದಿ-ಹಸಿರು ಜಿಂಕ್ ಕ್ರೋಮೇಟ್ ಪ್ರೈಮರ್, ಹೈಡ್ರಾಲಿಕ್ ಕೊಳವೆಗಳು, ತಪಾಸಣೆ ಮಾಡಿದವರ ಮುದ್ರೆ, ಕೆಲವೊಮ್ಮೆ ಪೆನ್ಸಿಲಿನಲ್ಲಿ ಗೀಚಿದ ಸಂಖ್ಯೆ. ಗೂಡು ಆಳವಿಲ್ಲದೆ ಬೋಳಾಗಿದ್ದರೆ, ಚುಕ್ಕಾಣಿ ಮತ್ತು ಬಾಲದ ನಡುವೆ ನಿಜವಾದ ಸಂದು ಇಲ್ಲದಿದ್ದರೆ, ಎಂಜಿನ್ನಿನ ಹೊಗೆಕೊಳವೆ ಒಳಗೆ ಮುಚ್ಚಿಕೊಂಡು ಕಪ್ಪು ಬಣ್ಣ ಬಳಿಸಿಕೊಂಡಿದ್ದರೆ, ನಿಮ್ಮ ಮುಂದಿರುವುದು ಫೈಬರ್‌ಗ್ಲಾಸ್ ಪ್ರತಿಕೃತಿ. ಬಿಸಿಲು ಮಳೆಗೆ ನಿಲ್ಲಿಸಲು ಅದೇ ಸರಿ, ಅದರಲ್ಲಿ ಮೋಸವೇನಿಲ್ಲ. ಹಾಗೆಂದು ಫಲಕದಲ್ಲಿ ಬರೆಯದಿರುವುದು ಮಾತ್ರ ಮೋಸ.

ಗಾಲಿಯ ಕಾಲುಗಳು ಎಲ್ಲಿಂದ ಹೊರಟಿವೆ ಎಂದು ನೋಡಿ. ಎರಡನೇ ಮಹಾಯುದ್ಧದ ಜರ್ಮನ್ ಫೈಟರ್ ಬಿಎಫ್ 109ರಲ್ಲಿ ಅವು ಹೊರಟಿರುವುದು ಒಡಲಿನಿಂದ, ರೆಕ್ಕೆಯಿಂದಲ್ಲ. ರೆಕ್ಕೆ ಬಿಚ್ಚಿದರೂ ವಿಮಾನ ತನ್ನ ಗಾಲಿಗಳ ಮೇಲೆಯೇ ನಿಂತಿರುತ್ತದೆ, ಸಾಗಣೆಗೆ ದುರಸ್ತಿಗೆ ಸಲೀಸು. ಅದರ ಬೆಲೆ ತೆತ್ತವನು ಪೈಲಟ್: ಗಾಲಿಗಳ ನಡುವಿನ ಅಂತರ ಕಿರಿದು, ಕಾಲುಗಳು ಓರೆ, ಏರುವಾಗ ಇಳಿಯುವಾಗ ಪಕ್ಕಕ್ಕೆ ತಿರುಗಿ ಮಗುಚಿಕೊಂಡವು ಲೆಕ್ಕವಿಲ್ಲದಷ್ಟು. ಪಕ್ಕದಲ್ಲಿ ಅದೇ ಕಾಲದ ಬ್ರಿಟಿಷ್ ಫೈಟರ್ ಹಾಕರ್ ಹರಿಕೇನ್ ಇದ್ದರೆ ಹೋಲಿಸಿ. ಅದರ ಕಾಲುಗಳು ರೆಕ್ಕೆಯಿಂದ ಇಳಿದು ಒಳಮುಖವಾಗಿ ಮಡಚುತ್ತವೆ, ನಿಲುವು ಅಗಲ. ಹುಲ್ಲುಗಾವಲಿನ ನೆಲೆಯಿಂದ ಹಾರುವ ಹೊಸ ಪೈಲಟ್ಟಿಗೆ ಇದು ದೊಡ್ಡ ಉಪಕಾರ. ವಿಮಾನವಾಹಕ ಹಡಗಿನಿಂದ ಹಾರುವ ಕೋರ್ಸೇರ್‌ನ ರೆಕ್ಕೆ ಬುಡದಲ್ಲಿ ಕೆಳಗಿಳಿದು ಮತ್ತೆ ಮೇಲೇರಿರುವುದಕ್ಕೂ ಕಾಲೇ ಕಾರಣ. 13 ಅಡಿಗೂ ಮೀರಿದ ಪ್ರೊಪೆಲ್ಲರ್ ನೆಲಕ್ಕೆ ತಾಗಬಾರದು, ಹಡಗಿನ ಮೇಲೆ ದಪ್ಪನೆ ಬೀಳುವ ವಿಮಾನಕ್ಕೆ ಕಾಲು ಉದ್ದವಾಗಿರಲೂಬಾರದು. ಎರಡನ್ನೂ ನಡೆಸಿಕೊಡಲು ರೆಕ್ಕೆಯನ್ನೇ ಬಗ್ಗಿಸಿದರು.

ಬ್ರಿಟನ್ನಿನ ಹೆಸರಾಂತ ಫೈಟರ್ ಸ್ಪಿಟ್‌ಫೈರ್ ಮುಂದೆ ಜನ ಹೆಚ್ಚು ನಿಲ್ಲುತ್ತಾರೆ, ಆದರೆ ಅದು ಯಾವ ಸ್ಪಿಟ್‌ಫೈರ್ ಎಂದು ಕೇಳುವವರು ಕಡಿಮೆ. ಕೆಳಗೆ ಬಗ್ಗಿದರೆ ಉತ್ತರ ಸಿಗುತ್ತದೆ. ಒಂದು ರೆಕ್ಕೆಯಡಿ ದೊಡ್ಡ ರೇಡಿಯೇಟರ್, ಇನ್ನೊಂದರಡಿ ಸಪೂರವಾದ ಆಯಿಲ್ ಕೂಲರ್ ಇದ್ದರೆ ಅದು ಮಾರ್ಕ್ (ಎಂದರೆ ಆವೃತ್ತಿ) 1, 2 ಅಥವಾ 5ರಂಥ ಆರಂಭದ ಪೀಳಿಗೆ. ಎರಡೂ ಕಡೆ ಒಂದೇ ಗಾತ್ರದ ಪೆಟ್ಟಿಗೆ, ಮುಂದೆ ನಾಲ್ಕು ಅಲಗಿನ ಪ್ರೊಪೆಲ್ಲರ್ ಇದ್ದರೆ ಮಾರ್ಕ್ 9ರ ವಂಶ. ಎಂಜಿನ್ನಿಗೆ ಗಾಳಿಯನ್ನು ಅದುಮಿ ತುಂಬುವ ಎರಡು ಹಂತದ ಸೂಪರ್‌ಚಾರ್ಜರ್ ಬಂದಾಗ ಬಿಸಿಯೂ ಹೆಚ್ಚಿತು, ತಂಪು ಮಾಡುವ ಪೆಟ್ಟಿಗೆಯೂ ಹೆಚ್ಚಬೇಕಾಯಿತು. ಐದು ಅಲಗು, ಉದ್ದ ಮೂತಿ, ಮೂತಿಯ ಮೇಲೆ ಎರಡು ಉಬ್ಬು ಇದ್ದರೆ ಒಳಗಿರುವುದು ಮೊದಲಿನ ಮರ್ಲಿನ್ ಎಂಜಿನ್ ಅಲ್ಲ, ಗ್ರಿಫನ್. ಅದು ಎದುರು ದಿಕ್ಕಿಗೆ ತಿರುಗುವ ಎಂಜಿನ್, ಮರ್ಲಿನ್‌ಗೆ ಒಗ್ಗಿದ ಪೈಲಟ್ ಅಭ್ಯಾಸಬಲದಿಂದ ಚುಕ್ಕಾಣಿಯ ಪೆಡಲ್ ಒತ್ತಿದರೆ ವಿಮಾನ ರನ್‌ವೇ ಬಿಟ್ಟು ಓಡುತ್ತಿತ್ತು. ರಿವೆಟ್‌ಗಳನ್ನೂ ಗಮನಿಸಿ. ತಲೆ ಮಟ್ಟಸವಾಗಿ ಕೂರುವ ರಿವೆಟ್ ಹೊಡೆಯಲು ಸಮಯ, ಹಣ ಎರಡೂ ಹೆಚ್ಚು. ಎಲ್ಲೆಲ್ಲಿ ಅದಿಲ್ಲದೆ ನಡೆಯುತ್ತದೆ ಎಂದು ತಿಳಿಯಲು ಸ್ಪಿಟ್‌ಫೈರ್ ಕಟ್ಟಿದ ಸೂಪರ್‌ಮರೀನ್ ಕಂಪನಿಯವರು ಮಟ್ಟಸ ರಿವೆಟ್‌ಗಳ ಮೇಲೆ, ಉಬ್ಬುತಲೆಯ ಅಗ್ಗದ ರಿವೆಟ್‌ನಂತಿರಲೆಂದು, ಒಡೆದ ಬಟಾಣಿ ಬೇಳೆ ಅಂಟಿಸಿ ಹಾರಿಸಿದರು. ಸಾಲು ಸಾಲಾಗಿ ಬೇಳೆ ಕೀಳುತ್ತಾ ವೇಗ ಅಳೆದು, ಯಾವ ಭಾಗಕ್ಕೆ ದುಬಾರಿ ರಿವೆಟ್ ಬೇಕೆಂದು ತೀರ್ಮಾನಿಸಿದರು.

ಸಿಲಿಂಡರ್‌ಗಳು ಚಕ್ರದ ಕಡ್ಡಿಗಳಂತೆ ಸುತ್ತ ನಿಂತ ದುಂಡನೆಯ ರೇಡಿಯಲ್ ಎಂಜಿನ್ನಿನ ಕೆಳಗೆ ತಟ್ಟೆ ಇಟ್ಟಿದ್ದರೆ ಅದು ನಿರ್ಲಕ್ಷ್ಯದ ಗುರುತಲ್ಲ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಪಿಸ್ಟನ್ ರಿಂಗುಗಳನ್ನು ದಾಟಿ ತಳದ ಸಿಲಿಂಡರ್‌ಗಳಿಗೆ ಇಳಿಯುತ್ತದೆ. ಗಾಳಿಯಂತೆ ಎಣ್ಣೆ ಅದುಮಿಕೊಳ್ಳುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಎಣ್ಣೆಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನೇ ಹೈಡ್ರಾಲಿಕ್ ಲಾಕ್ ಎನ್ನುವುದು. ಅದಕ್ಕೇ ನೆಲದ ಸಿಬ್ಬಂದಿ ಮೊದಲು ಪ್ರೊಪೆಲ್ಲರನ್ನು ಕೈಯಿಂದ ಅಲಗು ಅಲಗಾಗಿ ತಿರುಗಿಸುತ್ತಿದ್ದರು. ಎಲ್ಲಾದರೂ ತಡೆದರೆ ಬಲ ಹಾಕುವಂತಿಲ್ಲ, ಹಿಂದಕ್ಕೂ ತಿರುಗಿಸುವಂತಿಲ್ಲ. ಹಿಂದೆ ತಿರುಗಿಸಿದರೆ ಎಣ್ಣೆ ಗಾಳಿಯ ಕೊಳವೆಗೆ ಹೋಗಿ ಕೂತು, ಸ್ಟಾರ್ಟ್ ಆದ ಮೇಲೆ ಮರಳಿ ಸಿಲಿಂಡರ್ ಸೇರುತ್ತದೆ. ತಳದ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿಯುವುದೊಂದೇ ದಾರಿ. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್‌ನಲ್ಲಿರುವ ರೋಟರಿ ಎಂಜಿನ್ ನೋಡಲು ಹೀಗೆಯೇ ಇದ್ದರೂ ಬೇರೆ ಜಾತಿ. ಅಲ್ಲಿ ಕ್ರ್ಯಾಂಕ್‌ಶಾಫ್ಟ್ ಅಲುಗದೆ ನಿಂತು, ಸಿಲಿಂಡರ್‌ಗಳೆಲ್ಲ ಪ್ರೊಪೆಲ್ಲರ್ ಜೊತೆ ಗಿರಗಿರನೆ ಸುತ್ತುತ್ತವೆ. ಪೆಟ್ರೋಲಿನಲ್ಲಿ ಕರಗಬಾರದೆಂದು ಹಾಕುತ್ತಿದ್ದದ್ದು ಹರಳೆಣ್ಣೆ. ಅದು ಒಮ್ಮೆ ಒಳಹೊಕ್ಕು ಹಾಗೇ ಹೊರಗೆ, ಪೈಲಟ್ಟಿನ ಮುಖದ ಮೇಲೂ, ಚಿಮ್ಮುತ್ತಿತ್ತು.

ಕೊರತೆಯೂ ಕಣ್ಣಿಗೆ ಕಾಣುವ ವಸ್ತುವೇ. ಮೆಸ್ಸರ್‌ಶ್ಮಿಟ್ 262 ಜೆಟ್ಟಿನ ಜುಮೊ 004 ಎಂಜಿನ್ನನ್ನು ಹಲವು ಕಡೆ ಸೀಳಿ ಒಳಗು ಕಾಣುವಂತೆ ಇಟ್ಟಿರುತ್ತಾರೆ. ನಿಕ್ಕಲ್, ಕ್ರೋಮಿಯಂ ಸಿಗದ ಜರ್ಮನಿ ದಹನಕೋಣೆಗಳನ್ನು ಸಾದಾ ಉಕ್ಕಿನಲ್ಲಿ ಮಾಡಿ ಅಲ್ಯೂಮಿನಿಯಂ ಲೇಪ ಕೊಟ್ಟಿತ್ತು. ಎಂಜಿನ್ನಿನ ಆಯಸ್ಸು ಹತ್ತರಿಂದ ಇಪ್ಪತ್ತೈದು ಗಂಟೆ. ಗಾಳಿ ಹೋಗುವ ಬಾಯಿಯ ನಡುವಿನ ಮೊನೆಯಲ್ಲಿ ಒಂದು ಉಂಗುರ ಕಾಣುತ್ತದೆ. ಒಳಗಿರುವ ಪುಟ್ಟ ಟೂ-ಸ್ಟ್ರೋಕ್ ಸ್ಟಾರ್ಟರ್ ಮೋಟರನ್ನು, ಬೇಕಾದರೆ, ಕೈಯಿಂದ ಎಳೆದು ಚಾಲೂ ಮಾಡುವ ಹಿಡಿ ಅದು. ಆ ಕಾಲದ ಅತಿ ಮುಂದುವರಿದ ಫೈಟರ್ ಹುಲ್ಲು ಕತ್ತರಿಸುವ ಯಂತ್ರದಂತೆ ದಾರ ಎಳೆಸಿಕೊಂಡು ಹೊರಡುತ್ತಿತ್ತು! ಅದರ ಹಿಂಬಾಗಿದ ರೆಕ್ಕೆಯನ್ನು ಕಂಡು ಮುಂದಾಲೋಚನೆ ಎಂದು ಹೊಗಳುವುದುಂಟು. ಮೊದಲಿಗೆ ಹಾಗೆ ಬಾಗಿಸಿದ್ದು ಎಂಜಿನ್ ನಿರೀಕ್ಷೆಗಿಂತ ಭಾರವಾಗಿ ಗುರುತ್ವಕೇಂದ್ರ ತಪ್ಪಿದ್ದರಿಂದ. ಜಪಾನಿನ ಜೀರೊ ಫೈಟರ್‌ನಲ್ಲಿ ಹುಡುಕಬೇಕಾದದ್ದು ಇಲ್ಲದ್ದನ್ನು: ಆರಂಭದ ಮಾದರಿಗಳಲ್ಲಿ ಪೈಲಟ್ಟಿನ ಬೆನ್ನಿಗೆ ಉಕ್ಕಿನ ಹಲಗೆ ಇಲ್ಲ, ಗುಂಡು ತಗಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್ ಇಲ್ಲ. ಅದರ ಹಗುರ ಮೈ, ದೂರದ ಹಾರಾಟ ಎರಡೂ ಅಲ್ಲಿಂದ ಬಂದವು.

ಜೆಟ್ ಯುಗದ ವಿಮಾನಗಳನ್ನು, ಮಹಡಿಯ ಕಟಾಂಜನ ಇದ್ದರೆ, ಮೊದಲು ಮೇಲಿನಿಂದ ನೋಡಿ. ಎಫ್-102 ಡೆಲ್ಟಾ ಡ್ಯಾಗರ್‌ನ ಸೊಂಟ ಸಣ್ಣಗಾಗಿರುವುದು ಅಲ್ಲಿಂದಲೇ ತಿಳಿಯುವುದು. ಸೊಂಟವಿಲ್ಲದ ಮೊದಲ ಮಾದರಿ ನೇರ ಹಾರಾಟದಲ್ಲಿ ಶಬ್ದದ ವೇಗ ದಾಟಲಿಲ್ಲ. ಅಮೆರಿಕದ ಎಂಜಿನಿಯರ್ ರಿಚರ್ಡ್ ವಿಟ್‌ಕಂಬ್ ಕಂಡುಕೊಂಡ ನಿಯಮದಂತೆ ರೆಕ್ಕೆ ಬರುವಲ್ಲಿ ಒಡಲನ್ನು ಕಿರಿದು ಮಾಡಿದ ಮೇಲೆ, 1954ರ ಡಿಸೆಂಬರ್‌ನಲ್ಲಿ ದಾಟಿತು. ಎಫ್-4 ಫ್ಯಾಂಟಮ್‌ನ ರೆಕ್ಕೆತುದಿ 12 ಡಿಗ್ರಿ ಮೇಲಕ್ಕೆ, ಬಾಲ 23 ಡಿಗ್ರಿ ಕೆಳಕ್ಕೆ. ಗಾಳಿಸುರಂಗದ ಪರೀಕ್ಷೆಯಲ್ಲಿ ಇಡೀ ರೆಕ್ಕೆಯನ್ನು ಸ್ವಲ್ಪ ಮೇಲೆತ್ತಬೇಕೆಂದು ಗೊತ್ತಾದಾಗ, ನಡುಭಾಗವನ್ನು ಹೊಸದಾಗಿ ವಿನ್ಯಾಸ ಮಾಡುವ ಖರ್ಚು ಉಳಿಸಲು ತುದಿಗಳನ್ನಷ್ಟೇ ಹೆಚ್ಚು ಎತ್ತಿದರು. ಅಂದಗೇಡಿ ಎಂದು ಹೆಸರಾದ ವಿಮಾನದ ಅಂದಗೇಡಿತನ ಹೀಗೆ ಉಳಿತಾಯದಿಂದ ಬಂದದ್ದು. ಮಿಗ್-21ರ ಮೂತಿಯ ಶಂಕು ವೇಗಕ್ಕೆ ತಕ್ಕಂತೆ ಮುಂದಕ್ಕೆ ಸರಿಯುತ್ತದೆ, ಒಳಬರುವ ಗಾಳಿಯನ್ನು ಎಂಜಿನ್ ತಡೆದುಕೊಳ್ಳುವ ವೇಗಕ್ಕೆ ಇಳಿಸುವುದು ಅದರ ಕೆಲಸ. ರೇಡಾರ್ ಕೂತಿರುವುದೂ ಅದೇ ಶಂಕುವಿನೊಳಗೆ, ಹಾಗಾಗಿ ಈ ವಿನ್ಯಾಸದಲ್ಲಿ ದೊಡ್ಡ ರೇಡಾರಿಗೆ ಜಾಗವೇ ಇಲ್ಲ.

ಒಂದೇ ಜೆಟ್ಟಿಗೆ ಸಮಯವಿದ್ದರೆ ಅದು ನಿಂತಲ್ಲಿಂದಲೇ ನೇರ ಮೇಲೇರಬಲ್ಲ ಹ್ಯಾರಿಯರ್ ಆಗಲಿ ಎನ್ನುತ್ತೇನೆ. ಯಾಕೆ ಹೀಗೆ ಎಂದು ಅದರ ಯಾವ ಭಾಗವನ್ನು ಕೇಳಿದರೂ ಉತ್ತರ ಕಣ್ಣೆದುರೇ ಇರುತ್ತದೆ. ಪಕ್ಕದ ನಾಲ್ಕು ನಳಿಕೆಗಳಲ್ಲಿ ಮುಂದಿನೆರಡರಿಂದ ತಣ್ಣನೆ ಗಾಳಿ, ಹಿಂದಿನೆರಡರಿಂದ ಬಿಸಿ ಅನಿಲ. ಹಿಂದಿನವುಗಳ ಬಳಿ ಮಾತ್ರ ಒಡಲಿಗೆ ಶಾಖ ತಡೆಯುವ ಲೋಹದ ಹಲಗೆ ಹೊದಿಸಿರುವುದನ್ನು ಗಮನಿಸಿ. ನಿಶ್ಚಲವಾಗಿ ಗಾಳಿಯಲ್ಲಿ ನಿಂತಾಗ ರೆಕ್ಕೆ, ಬಾಲದ ಫಲಕಗಳ ಮೇಲೆ ಗಾಳಿ ಹರಿಯುವುದಿಲ್ಲ, ಅವು ಇದ್ದೂ ಇಲ್ಲದಂತೆ. ಆದ್ದರಿಂದ ಮೂತಿ, ಬಾಲ, ಎರಡು ರೆಕ್ಕೆತುದಿಗಳಲ್ಲಿ ಚಿಕ್ಕ ಕಿಂಡಿಗಳಿವೆ. ಎಂಜಿನ್ನಿನಿಂದ ಕದ್ದ ಅಧಿಕ ಒತ್ತಡದ ಗಾಳಿಯನ್ನು ಅಲ್ಲಿಂದ ಊದಿ ವಿಮಾನವನ್ನು ಸಮತೂಕದಲ್ಲಿಡುತ್ತಾರೆ. ಹೊಟ್ಟೆಯ ಕೆಳಗಿನ ಉದ್ದನೆ ಪಟ್ಟಿಗಳು ನೆಲಕ್ಕೆ ಬಡಿದು ಪುಟಿದುಬರುವ ಗಾಳಿಯನ್ನು ಹಿಡಿದಿಟ್ಟುಕೊಳ್ಳಲು. ನಳಿಕೆಗಳು ಒಡಲಿನ ಪಕ್ಕದಲ್ಲೇ ಇರುವುದರಿಂದ ಮುಖ್ಯ ಗಾಲಿಗಳು ಸೈಕಲ್ಲಿನಂತೆ ಹಿಂದುಮುಂದಾಗಿ ಕೂತಿವೆ, ಉರುಳದಂತೆ ತಡೆಯಲು ರೆಕ್ಕೆಗೊಂದು ಸಣ್ಣ ಕಾಲು.

ಹ್ಯಾರಿಯರ್‌ನ ಕಾಕ್‌ಪಿಟ್ ಮೇಲಿನ ಗಾಜಿನಲ್ಲಿ ಹಾವಿನಂತೆ ಹರಿದ ಗೆರೆ ಒಡಕಲ್ಲ, ಸ್ಫೋಟಕ ತುಂಬಿದ ಎಳೆ. ಅಪಾಯದಲ್ಲಿ ಪೈಲಟ್ ಸಮೇತ ಸೀಟು ಹೊರಗೆ ಚಿಮ್ಮುವ ಮುನ್ನ ಗಾಜನ್ನು ಪುಡಿಮಾಡುವುದಕ್ಕಿರುವಂಥದ್ದು. ಹಳೆಯ ಸೀಟುಗಳಲ್ಲಿ ಎಳೆಯುವ ಹಿಡಿ ತಲೆಯ ಮೇಲಿರುತ್ತಿತ್ತು, ಎಳೆದರೆ ಮುಖದ ಮೇಲೊಂದು ಬಟ್ಟೆಯ ಪರದೆ ಇಳಿಯುತ್ತಿತ್ತು. ಗಾಳಿಯ ಹೊಡೆತದಿಂದ ಮುಖಕ್ಕೆ ರಕ್ಷಣೆ ಒಂದು ಕಾರಣ, ಎರಡೂ ಕೈ ಮೇಲೆತ್ತಿದಾಗ ಬೆನ್ನು ತಾನಾಗಿ ನೆಟ್ಟಗಾಗುವುದು ಇನ್ನೊಂದು. ಹಳೆಯ ಕಾಕ್‌ಪಿಟ್‌ಗಳನ್ನು ಮುಚ್ಚಿಟ್ಟಿರುವುದಕ್ಕೆ ಸೀಟೊಂದೇ ಕಾರಣವಲ್ಲ. ಇರುಳಲ್ಲಿ ಹೊಳೆಯಲೆಂದು ಮಾಪಕಗಳ ಮುಳ್ಳಿಗೆ ರೇಡಿಯಂ ಬಣ್ಣ ಹಚ್ಚಿದ್ದರು. ಬೆಳಗುವ ಜಿಂಕ್ ಸಲ್ಫೈಡ್ ಕೆಲವು ದಶಕಗಳಲ್ಲಿ ಸತ್ತಿದೆ. ರೇಡಿಯಂ-226ರ ಅರ್ಧಾಯುಷ್ಯ 1,600 ವರ್ಷ, ಅದು ಹಾಗೇ ಇದೆ. ಕಂದಿದ ಮಾಪಕ ನಿರಪಾಯ ಎಂಬ ಊಹೆ ತಪ್ಪು. ಗಾಜು ಒಡೆದರೆ ಆ ಹುಡಿ ಅಪಾಯ, ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ರೇಡಾನ್ ಅನಿಲವೂ ಕೂಡಿಕೊಳ್ಳುತ್ತದೆ. ಒಳಗೆ ಕೂರಲು ಬಿಡುವ ದಿನಗಳಲ್ಲಿ ಕೆಲವೇ ವಿಮಾನಗಳನ್ನು ತೆರೆಯುವುದು ಈ ಕಾರಣಕ್ಕೂ ಹೌದು.

ಬಯಲಲ್ಲಿ ನಿಂತ ವಿಮಾನಗಳದ್ದು ಇನ್ನೊಂದು ಕಥೆ. ರಿವೆಟ್ ಸಾಲಿನುದ್ದಕ್ಕೂ ಬಣ್ಣ ಗುಳ್ಳೆಯೆದ್ದಿದ್ದರೆ ಒಳಗೆ ಅಲ್ಯೂಮಿನಿಯಂ ಬಿಳಿ ಹುಡಿಯಾಗುತ್ತಿದೆ ಎಂದರ್ಥ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಹಲಗೆ, ನಡುವೆ ನೀರು ಸೇರಿದರೆ ಬ್ಯಾಟರಿಯೇ ಆಯಿತು, ಕರಗುವುದು ಅಲ್ಯೂಮಿನಿಯಂ. ಮೆಗ್ನೀಸಿಯಂ ಗಾಲಿಗಳು ಇನ್ನೂ ಬೇಗ ಹೋಗುತ್ತವೆ. ಹೊಟ್ಟೆಯಲ್ಲಿ ನೀರು ಬಸಿಯಲು ತೂತುಗಳಿರುತ್ತವೆ, ಹಕ್ಕಿಗೂಡು ಅಥವಾ ದಪ್ಪ ಬಣ್ಣ ಅವನ್ನು ಮುಚ್ಚಿದರೆ ಮಳೆನೀರು ಒಳಗೇ ನಿಲ್ಲುತ್ತದೆ. ಚೆನ್ನಾಗಿ ನೋಡಿಕೊಳ್ಳುವವರು ಟೈರಿನ ಮೇಲೆ ಭಾರ ಬೀಳದಂತೆ ವಿಮಾನವನ್ನು ಆನಿಕೆಗಳ ಮೇಲೆ ನಿಲ್ಲಿಸಿರುತ್ತಾರೆ. ಆ ಮ್ಯೂಸಿಯಂ ಬಗ್ಗೆ ಒಂದೇ ನೋಟದಲ್ಲಿ ಅಭಿಪ್ರಾಯ ಕಟ್ಟಬೇಕೆಂದರೆ ನಾನು ನೋಡುವುದು ಇದನ್ನೇ.

ಹೊಳೆಯುವಂತೆ ಮಾಡುವುದೇ ಕಾಪಾಡುವುದಲ್ಲ. ಲಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನ ಹ್ಯಾಲಿಫ್ಯಾಕ್ಸ್ ಬಾಂಬರ್ 1942ರ ಏಪ್ರಿಲ್‌ನಲ್ಲಿ ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯ ಮೇಲಿನ ದಾಳಿಯಲ್ಲಿ ಪೆಟ್ಟುತಿಂದು ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು ಮುಳುಗಿದ್ದು. 1973ರಲ್ಲಿ ಮೇಲೆತ್ತಿ, ಹೊಸದು ಮಾಡದೆ ಹರಿದ ಮೈಯಲ್ಲೇ ಇಟ್ಟಿದ್ದಾರೆ. ಒಳಗಿನ ಎಲುಬುಗಳು ಕಾಣುವ ಈ ಒಂದು ಬಾಂಬರ್, ಬಣ್ಣ ಬಳಿದ ಹತ್ತಕ್ಕೆ ಸಮ. 2013ರಲ್ಲಿ ಇಂಗ್ಲೆಂಡಿನ ಕರಾವಳಿಯಾಚೆ ಗುಡ್‌ವಿನ್ ಸ್ಯಾಂಡ್ಸ್ ಬಳಿ ಸಮುದ್ರದಿಂದ ಎತ್ತಿದ ಜರ್ಮನ್ ಬಾಂಬರ್ ಡಾರ್ನಿಯರ್ 17ಕ್ಕೆ ಮಾಡಿದ ಚಿಕಿತ್ಸೆಯೂ ತಿಳಿಯತಕ್ಕದ್ದು. ಉಪ್ಪು ಹೀರಿದ ಅಲ್ಯೂಮಿನಿಯಂ ಹಾಗೇ ಒಣಗಿದರೆ ಪುಡಿಯಾಗುತ್ತದೆ. ಆದ್ದರಿಂದ ಅದನ್ನು ಸುರಂಗದಂಥ ಗೂಡಾರದಲ್ಲಿಟ್ಟು, ತೆಳು ಸಿಟ್ರಿಕ್ ಆಮ್ಲವನ್ನು ತಿಂಗಳುಗಟ್ಟಲೆ ಸಿಂಪಡಿಸಿ, ಕ್ಲೋರೈಡನ್ನು ತೊಳೆದು, ಗಟ್ಟಿಯಾದ ಕಡಲ ಪದರು ಸಡಿಲಿಸಿದರು.

ಯಾವ ವಿಮಾನ ಉಳಿಯಿತು, ಯಾವುದು ಹೋಯಿತು ಎಂಬುದರಲ್ಲಿ ನ್ಯಾಯವೇನಿಲ್ಲ. ಬ್ರಿಟನ್ ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದ ಷಾರ್ಟ್ ಸ್ಟರ್ಲಿಂಗ್ ಬಾಂಬರ್‌ಗಳಲ್ಲಿ ಪೂರ್ತಿಯಾದದ್ದು ಇಂದು ಒಂದೂ ಇಲ್ಲ. ಜಗತ್ತನ್ನು ನಡುಗಿಸಿದ ಜರ್ಮನಿಯ ಸ್ಟೂಕಾ ಬಾಂಬರ್‌ಗಳಲ್ಲಿ ಇಡಿಯಾಗಿ ಉಳಿದವು ಎರಡು, ಒಂದು ಲಂಡನ್ನಿನಲ್ಲಿ, ಇನ್ನೊಂದು ಶಿಕಾಗೊದಲ್ಲಿ. ಅಮೆರಿಕ 18,000ಕ್ಕೂ ಹೆಚ್ಚು ಲಿಬರೇಟರ್ ಬಾಂಬರ್ ಕಟ್ಟಿತು, ಯುದ್ಧ ಮುಗಿದೊಡನೆ ಬಹುಪಾಲು ಗುಜರಿಯಾದವು. ಬ್ರಿಟಿಷರು ಹೊರಡುವಾಗ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದವನ್ನು ಎಚ್‌ಎಎಲ್ ಎತ್ತಿ ದುರಸ್ತಿ ಮಾಡಿತು, ಭಾರತೀಯ ವಾಯುಪಡೆ 1968ರವರೆಗೂ ಹಾರಿಸಿತು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ, ಒಟ್ಟಾವಾ, ಅರಿಜೋನಾದ ಪೀಮಾ ಮ್ಯೂಸಿಯಂಗಳಲ್ಲಿರುವ ಲಿಬರೇಟರ್‌ಗಳು ಅಲ್ಲಿಂದ ಹೋದವು. ಅವುಗಳ ಮೈಮೇಲಿನ ಬಣ್ಣ ಬೇರೆ ಸೈನ್ಯದ್ದಾಗಿರಬಹುದು, ಆದ್ದರಿಂದ ಬಣ್ಣವನ್ನಲ್ಲ, ಸೀರಿಯಲ್ ನಂಬರನ್ನು ಓದಿ.

ಬ್ರಿಟನ್ನಿನ ಲ್ಯಾಂಕಾಸ್ಟರ್ ಬಾಂಬರ್‌ಗೆ ಬಂದಾಗ ನಿಧಾನಿಸಬೇಕು. ಲಂಡನ್ನಿನ ‘ಎಸ್ ಫಾರ್ ಶುಗರ್’ ಮೂತಿಯ ಮೇಲೆ ಸಾಲು ಸಾಲು ಬಾಂಬಿನ ಚಿತ್ರಗಳಿವೆ, ದಾಳಿಗೊಂದು. ಒಟ್ಟು 137 ಎಂದು ಲೆಕ್ಕ. ಜನ ಅವನ್ನು ಎಣಿಸುತ್ತಾರೆ. ಅದರ ಬದಲು ಹೊಟ್ಟೆಯ ಕೆಳಗೆ ಹೋಗಿ. 33 ಅಡಿ ಉದ್ದದ ಬಾಂಬ್‌ಕೋಣೆ, ನಡುವೆ ಒಂದು ಅಡ್ಡಗೋಡೆಯೂ ಇಲ್ಲ. ಆ ಅಖಂಡ ಜಾಗಕ್ಕಾಗಿಯೇ ಈ ವಿಮಾನ ಅಷ್ಟು ಭಾರ ಹೊತ್ತಿತು. ಆದರೆ ರೆಕ್ಕೆಯ ದಪ್ಪ ತೊಲೆ ಎಲ್ಲಾದರೂ ಹಾದುಹೋಗಲೇಬೇಕಲ್ಲ. ಅದು ಬಾಂಬ್‌ಕೋಣೆಯ ಮೇಲೆ, ಅಂದರೆ ಸಿಬ್ಬಂದಿ ಓಡಾಡುವ ದಾರಿಗೆ ಅಡ್ಡವಾಗಿ ಹಾದಿದೆ. ಕತ್ತಲಲ್ಲಿ, ದಪ್ಪ ಉಡುಪು, ಪ್ಯಾರಾಚೂಟ್ ಪಟ್ಟಿ ತೊಟ್ಟುಕೊಂಡು, ಉರಿಯುತ್ತಾ ಸುತ್ತುತ್ತಿರುವ ವಿಮಾನದಲ್ಲಿ ಆ ತೊಲೆ ಹತ್ತಿ ದಾಟಬೇಕಿತ್ತು. ಮುಂದಿನವರು ಹಾರಬೇಕಾದ ಕಿಂಡಿ 22 ಇಂಚು ಅಗಲ, ಹ್ಯಾಲಿಫ್ಯಾಕ್ಸ್‌ನದಕ್ಕಿಂತ ಎರಡು ಇಂಚು ಕಮ್ಮಿ. ಹೊಡೆತ ತಿಂದ ಹ್ಯಾಲಿಫ್ಯಾಕ್ಸ್‌ಗಳಿಂದ ಜೀವಂತ ಹೊರಬಿದ್ದವರ ಪ್ರಮಾಣ ಲ್ಯಾಂಕಾಸ್ಟರ್‌ಗಿಂತ ಬಹಳ ಹೆಚ್ಚು. ಬಾಲದ ಗನ್ನರ್‌ನ ಗೋಪುರದಲ್ಲಿ ಪ್ಯಾರಾಚೂಟಿಗೆ ಜಾಗವಿರಲಿಲ್ಲ, ಅದು ಬೆನ್ನ ಹಿಂದಿನ ಬಾಗಿಲಾಚೆ ತೂಗುತ್ತಿತ್ತು. ಬಹುತೇಕ ಲ್ಯಾಂಕಾಸ್ಟರ್‌ಗಳ ಹೊಟ್ಟೆಯಡಿ ಬಂದೂಕಿಲ್ಲ, ಅಲ್ಲಿರುವುದು ರೇಡಾರಿನ ಗುಮ್ಮಟ. 1943ರಿಂದ ಜರ್ಮನಿಯ ರಾತ್ರಿ ಫೈಟರ್‌ಗಳು ಮೇಲ್ಮುಖವಾಗಿ ಕೂರಿಸಿದ ತೋಪುಗಳೊಂದಿಗೆ ಬಂದದ್ದು ಆ ಕುರುಡು ಜಾಗಕ್ಕೇ. ಆರ್‌ಎಎಫ್‌ನ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸತ್ತವರು 55,573.

ಯಂತ್ರವನ್ನು ಹೀಗೆ ಓದುವ ಅಭ್ಯಾಸಕ್ಕೂ ಒಂದು ಕುರುಡಿದೆ. ಅದು ವಿಮಾನದೊಳಗಿದ್ದವರನ್ನು ತೋರಿಸುತ್ತದೆ, ಕೆಳಗಿದ್ದವರನ್ನಲ್ಲ. ವಾಷಿಂಗ್ಟನ್ ಬಳಿಯ ಉದ್ವಾರ್-ಹೇಜಿ ಕೇಂದ್ರದಲ್ಲಿ, ಹಿರೋಷಿಮಾ ಮೇಲೆ ಅಣುಬಾಂಬ್ ಹಾಕಿದ ಬಿ-29 ಬಾಂಬರ್ ‘ಎನೋಲಾ ಗೇ’ ನಿಂತಿದೆ. ಮಾಮೂಲಿ ಬಿ-29ರ ಮೇಲೂ ಕೆಳಗೂ ದೂರನಿಯಂತ್ರಿತ ಗನ್ ಗೋಪುರಗಳಿರುತ್ತವೆ, ಇದರಲ್ಲಿ ಬಾಲದ್ದು ಬಿಟ್ಟರೆ ಒಂದೂ ಇಲ್ಲ. ಒಂದೇ ಭಾರಿ ಬಾಂಬಿಗಾಗಿ ಉಳಿದ ಭಾರವನ್ನೆಲ್ಲ ಇಳಿಸಿದ್ದರು. ಆ ಬೋಳು ಬೆನ್ನು ಫಲಕಕ್ಕಿಂತ ಸ್ಪಷ್ಟವಾಗಿ ಮಾತಾಡುತ್ತದೆ, ಹಾಗಿದ್ದರೂ 1945ರ ಕೊನೆಯ ಹೊತ್ತಿಗೆ ಹಿರೋಷಿಮಾದಲ್ಲಿ ಸತ್ತ ಸುಮಾರು 1,40,000 ಮಂದಿ ಅದರ ಮೇಲೆ ಎಲ್ಲೂ ಕಾಣುವುದಿಲ್ಲ. ಆ ಕೇಂದ್ರದ ಒಡೆತನದ ಸ್ಮಿತ್‌ಸೋನಿಯನ್ ಸಂಸ್ಥೆ ಸತ್ತವರನ್ನೂ ಪ್ರದರ್ಶನದೊಳಗೆ ತರಲು ಹೊರಟಾಗ ಎದ್ದ ಗದ್ದಲದಲ್ಲಿ 1995ರ ಜನವರಿಯಲ್ಲಿ ಆ ಯೋಜನೆಯೇ ರದ್ದಾಯಿತು. ಇಂಥ ವಿಮಾನದ ಎದುರು ನಿಲ್ಲುವ ಮುನ್ನ ನೆಲದವರ ಲೆಕ್ಕವನ್ನು ಬೇರೆ ಕಡೆ ಓದಿಕೊಂಡೇ ಹೋಗಬೇಕು.

ಫೋಟೊ ವಿಷಯ ಚಿಕ್ಕದು. ಫ್ಲಾಶ್ ಬೇಡ, ಹೊಳಪು ಬಣ್ಣ ಅದನ್ನು ನಿಮ್ಮತ್ತಲೇ ಎಸೆಯುತ್ತದೆ. ಗಾಜಿನಾಚೆಯ ಕಾಕ್‌ಪಿಟ್‌ಗೆ ಪೋಲರೈಸರ್ ಹಾಕಿ ತಿರುಗಿಸಿ ಪ್ರತಿಬಿಂಬ ಕೊಲ್ಲಿ. ಪ್ರತಿ ವಿಮಾನದ ಮೊದಲ ಚಿತ್ರ ಫಲಕದ್ದೇ ಆಗಲಿ, ಆಮೇಲೆ ವಿಂಗಡಿಸಲು ಸುಲಭ. ಬಾಲದ ಸೀರಿಯಲ್ ನಂಬರ್ ಓದುವಂತೆ ಬಂದಿದೆಯೇ ನೋಡಿಕೊಳ್ಳಿ.

ದುರಸ್ತಿ ಹ್ಯಾಂಗರ್ ತೆರೆದಿರುವ ದಿನ ಸಿಕ್ಕರೆ ಮುಖ್ಯ ಸಭಾಂಗಣವನ್ನು ಅರ್ಧ ಬಿಟ್ಟಾದರೂ ಅಲ್ಲಿಗೆ ಹೋಗಿ. ಅಲ್ಲಿ ಕೆಲಸ ಮಾಡುವವರಲ್ಲಿ ನಿವೃತ್ತ ಏರ್‌ಫ್ರೇಮ್ ಫಿಟ್ಟರ್‌ಗಳು ಇರುತ್ತಾರೆ, ಯಾವ ಮುಚ್ಚಳ ಬಿಚ್ಚಲು ಎಷ್ಟು ಗಂಟೆ ಬೇಕಿತ್ತು ಎಂದು ಕೈ ನೆನಪಿನಿಂದ ಹೇಳಬಲ್ಲವರು. ಇದು ಎಷ್ಟು ವೇಗ ಹೋಗುತ್ತದೆ ಎಂದು ಅವರನ್ನು ಕೇಳಬೇಡಿ. ಇದರಲ್ಲಿ ಎಷ್ಟು ಪಾಲು ಅಸಲಿ, ಎಷ್ಟು ವಿಮಾನಗಳ ತುಂಡು ಸೇರಿ ಇದಾಯಿತು, ಬಣ್ಣ ಕೆರೆದಾಗ ಕೆಳಗೆ ಏನು ಸಿಕ್ಕಿತು, ಇಂಜಿನಿಯರುಗಳನ್ನು ಬೈಯುತ್ತಾ ಬಿಚ್ಚಿದ ಭಾಗ ಯಾವುದು ಎಂದು ಕೇಳಿ. ಫಲಕದಲ್ಲಿ ತಪ್ಪು ಕಂಡಿದ್ದರೆ, ಮಾರ್ಕ್ 5 ಎಂದು ಬರೆದ ಸ್ಪಿಟ್‌ಫೈರ್‌ನ ಎರಡೂ ರೆಕ್ಕೆಯಡಿ ಒಂದೇ ಗಾತ್ರದ ರೇಡಿಯೇಟರ್ ಇದ್ದರೆ, ಸೀರಿಯಲ್ ನಂಬರ್ ಮತ್ತು ಫೋಟೊ ಸಹಿತ ಕ್ಯುರೇಟರ್‌ಗೆ ಬರೆಯಿರಿ. ಹಾಗೆ ಬಂದ ಪತ್ರಗಳನ್ನು ಅವರು ಆ ವಿಮಾನದ ಕಡತಕ್ಕೆ ಸೇರಿಸಿಕೊಳ್ಳುತ್ತಾರೆ.